ಟೀಮ್ ಆಟ ಬೇಡ ಎನ್ನುವ ಮಗುವಿಗೆ ಶಾಲೆ ಬಿಟ್ಟ ಮೇಲೆ ಏನು? ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಟೀಮ್ ಆಟ ಇಷ್ಟವಿಲ್ಲದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಆದರೆ ನಮ್ಮಲ್ಲಿ ಆಟ ಎಂದರೆ ಹುಡುಗರಿಗೆ ಕ್ರಿಕೆಟ್, ಕಬಡ್ಡಿ, ಹುಡುಗಿಯರಿಗೆ ಥ್ರೋಬಾಲ್, ಖೋಖೋ. ಅದು ಬೇಡ ಎಂದ ಮಗು ಒಂದೋ ಸೋಮಾರಿ, ಇಲ್ಲವೇ ಯಾರ ಜೊತೆಗೂ ಸೇರದ ಮಗು ಎಂದಾಗಿಬಿಡುತ್ತದೆ. ಮನೆಯವರಿಗೆ ಗಾಬರಿ. ಪಕ್ಕದ ಬೀದಿಯಲ್ಲಿ ಯಾವ ಬೋರ್ಡ್ ಕಾಣುತ್ತದೋ ಆ ಕ್ಲಾಸಿಗೆ ಸೇರಿಸುತ್ತಾರೆ. ಫೀಸು ಕಟ್ಟಿದ ಎರಡನೇ ತಿಂಗಳಿಗೆ ಅದೂ ನಿಲ್ಲುತ್ತದೆ.

ಈ ಬರಹ ಸುಮಾರು 6ರಿಂದ 14 ವರ್ಷದ ಮಕ್ಕಳ ಮನೆಯವರಿಗೆ. ಉದಾಹರಣೆಗಳೆಲ್ಲ ಕರ್ನಾಟಕದವೇ. ನಾನು ಹೇಳುವುದು ಇಷ್ಟು: ಮೊದಲು ಕ್ಲಾಸ್ ಹುಡುಕಬೇಡಿ, ಮಗು ಬೇಡ ಎನ್ನುತ್ತಿರುವುದು ಯಾವುದನ್ನು ಎಂದು ಹುಡುಕಿ. ಅದು ತಿಳಿಯದೆ ಆರಿಸಿದ ಕ್ಲಾಸಿನಲ್ಲೂ ಅದೇ ತೊಂದರೆ ಬೇರೆ ಹೆಸರಿನಲ್ಲಿ ಕಾದಿರುತ್ತದೆ.

ಹಂತ 1: ಬೇಡ ಎನ್ನುವುದರ ಹಿಂದೆ ಏನಿದೆ, ನೋಡಿ

‘ಯಾಕೆ ಆಡಲ್ಲ?’ ಎಂದು ಕೇಳಿದರೆ ಸಿಗುವ ಉತ್ತರ ‘ಸುಮ್ನೆ’. ಮತ್ತೆ ಕೇಳಿದರೆ ಮಗು ಎದ್ದು ಹೋಗುತ್ತದೆ. ಎದುರು ಕೂರಿಸಿಕೊಂಡು ಕೇಳುವುದೇ ತಪ್ಪು. ಸ್ಕೂಟರಿನಲ್ಲಿ ಹೋಗುವಾಗ, ಅವರೆಕಾಳು ಬಿಡಿಸುವಾಗ, ಕೈಗೋ ಕಣ್ಣಿಗೋ ಬೇರೆ ಕೆಲಸ ಇರುವಾಗ ಮಕ್ಕಳು ಮಾತಾಡುತ್ತಾರೆ. ಪ್ರಶ್ನೆಯೂ ಚಿಕ್ಕದಿರಲಿ. ‘ಇವತ್ತು ಪಿಟಿ ಪಿರಿಯಡ್‌ನಲ್ಲಿ ಟೀಮ್ ಯಾರು ಮಾಡಿದ್ದು?’ ‘ನೀನು ಎಲ್ಲಿ ನಿಂತಿದ್ದೆ?’ ‘ಬಾಲ್ ಬಂದಾಗ ಏನು ಮಾಡಿದೆ?’ ಇಂಥ ಪ್ರಶ್ನೆಗೆ ಮಗು ನಡೆದದ್ದನ್ನು ಹೇಳುತ್ತದೆ. ಕಾರಣ ಅದರೊಳಗೇ ಇರುತ್ತದೆ.

ಸಾಮಾನ್ಯವಾಗಿ ಕಾಣುವ ಕಾರಣಗಳು ಇವು.

ಮೊದಲನೆಯದು, ಆರಿಸುವಾಗ ಕೊನೆಗೆ ಉಳಿಯುವುದು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆಯುತ್ತಾ ಹೋಗುತ್ತಾರೆ. ಕೊನೆಗೆ ಉಳಿದವನನ್ನು ‘ಜೋಕರ್’ ಮಾಡುತ್ತಾರೆ, ಎರಡೂ ಕಡೆ ಫೀಲ್ಡಿಂಗ್. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಮಗುವಿಗೆ ಆಟದ ಮೇಲೆ ಸಿಟ್ಟಿಲ್ಲ, ಎಲ್ಲರೆದುರು ಉಳಿದುಬಿಡುವುದರ ಮೇಲೆ ಸಿಟ್ಟು.

ಎರಡನೆಯದು, ತನ್ನ ತಪ್ಪಿನಿಂದ ಬೇರೆಯವರು ಸೋಲುತ್ತಾರೆ ಎಂಬ ಭಯ. ಒಂದು ಕ್ಯಾಚ್ ಬಿಟ್ಟರೆ ಹತ್ತು ಜನ ಬೈಯುತ್ತಾರೆ. ಆ ಬೈಗುಳ ಮನೆಗೂ ಬರುತ್ತದೆ, ರಾತ್ರಿ ಹಾಸಿಗೆಗೂ ಬರುತ್ತದೆ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ದೇಹದ ಕಾರಣ. ದೂರದೃಷ್ಟಿ ಮಂಜಾಗಿರುವ ಮಗುವಿಗೆ ಬಾಲ್ ಹತ್ತಿರ ಬರುವವರೆಗೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ತನಗೆ ಕಾಣುತ್ತಿಲ್ಲ ಎಂಬುದೂ ಗೊತ್ತಿರುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಓಡಿದ ಮೇಲೆ ಕೆಮ್ಮು, ಎದೆಯಲ್ಲಿ ಗೊರಗೊರ ಇದ್ದರೆ ಆಸ್ತಮಾ ಇರಬಹುದು. ಗುಂಡಿ ಹಾಕುವುದು, ಶೂ ಲೇಸ್ ಕಟ್ಟುವುದು, ಸೈಕಲ್ ಕಲಿಯುವುದು ಎಲ್ಲವೂ ವಯಸ್ಸಿಗಿಂತ ತಡವಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ಹೇಳಿ. ಯಾವ ಕ್ಲಾಸಿಗೂ ದುಡ್ಡು ಕಟ್ಟುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸುವುದು ನನ್ನ ಮಟ್ಟಿಗೆ ಕಡ್ಡಾಯ.

ಹತ್ತು ಹನ್ನೊಂದು ದಾಟಿದ ಹೆಣ್ಣುಮಕ್ಕಳಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಬಹಳ ಶಾಲೆಗಳಲ್ಲಿ ಪಿಟಿ ದಿನ ಬಿಳಿ ಯೂನಿಫಾರ್ಮ್. ಮುಟ್ಟು ಶುರುವಾದ ಹುಡುಗಿ ಆ ದಿನ ಓಡಲು ಹೆದರುತ್ತಾಳೆ. ಅವಳಿಗೆ ಬೇಕಿರುವುದು ಬೇರೆ ಆಟವಲ್ಲ, ಬೇರೆ ಬಣ್ಣದ ಬಟ್ಟೆ ಮತ್ತು ಸರಿಯಾದ ಶೌಚಾಲಯ. ಇದನ್ನು ಶಾಲೆಯ ಹತ್ತಿರ ಕೇಳಬೇಕಾದವರು ನಾವು.

ಗದ್ದಲ, ಧೂಳು, ಬಿಸಿಲು, ಮೈಗೆ ಮೈ ತಾಗುವುದು ಕೆಲವರಿಗೆ ಆಗುವುದಿಲ್ಲ. ಇನ್ನು ಕೆಲವರಿಗೆ ನಿಜವಾಗಿಯೂ ಬೋರು, ಅಷ್ಟೇ. ಲಾಂಗ್ ಆನ್‌ನಲ್ಲಿ ಅರ್ಧ ಗಂಟೆ ನಿಲ್ಲುವುದರಲ್ಲಿ ಏನಿದೆ ಎಂದು ಕೇಳಿದರೆ ನನ್ನ ಹತ್ತಿರವೂ ಉತ್ತರವಿಲ್ಲ.

ಯಾರೋ ಒಬ್ಬ ಹುಡುಗ ಹೊಡೆಯುತ್ತಾನೆ, ಅಡ್ಡಹೆಸರಿಟ್ಟು ಕರೆಯುತ್ತಾನೆ ಎಂಬುದು ಕಾರಣವಾದರೆ ಮಾತ್ರ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಡಿ. ಕ್ಲಾಸ್ ಟೀಚರ್ ಹತ್ತಿರ ಮಾತಾಡುವ ವಿಷಯ ಅದು. ಸಂಜೆ ಚಿತ್ರಕಲೆಗೆ ಕಳಿಸಿದರೆ ಅದು ನಿಲ್ಲುವುದಿಲ್ಲ.

ಹಂತ 2: ಮೈ ಚಲನೆಯ ಲೆಕ್ಕ ಬೇರೆ, ಹವ್ಯಾಸದ ಲೆಕ್ಕ ಬೇರೆ

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂಳೆ, ಸ್ನಾಯು ಗಟ್ಟಿಯಾಗುವಂಥ ಜೋರಿನ ಚಟುವಟಿಕೆ ವಾರಕ್ಕೆ 3 ದಿನವಾದರೂ ಇರಬೇಕು. ಅದು ಟೀಮ್ ಆಟವೇ ಆಗಬೇಕು ಎಂದೇನೂ ಇಲ್ಲ. 60 ನಿಮಿಷ ಒಟ್ಟಿಗೇ ಬೇಕು ಎಂದೂ ಇಲ್ಲ. ಬಿರುಸಾಗಿ ನಡೆದು ಶಾಲೆಗೆ ಹೋಗುವುದು, ಸೈಕಲ್, ಸ್ಕಿಪ್ಪಿಂಗ್, ಮರ ಹತ್ತುವುದು, ಕುಂಟೆಬಿಲ್ಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇದನ್ನು ಬೇರೆ ಇಟ್ಟುಕೊಂಡರೆ ಒಂದು ಲಾಭವಿದೆ. ಮಗು ವೀಣೆ ಆರಿಸಿಕೊಂಡರೆ ‘ಮತ್ತೆ ಎಕ್ಸರ್‌ಸೈಜ್?’ ಎಂದು ವೀಣೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. ಮೈಗೊಂದು, ಮನಸ್ಸಿಗೊಂದು. ಎರಡೂ ಒಂದರಲ್ಲೇ ಸಿಕ್ಕರೆ ಅದೃಷ್ಟ.

ಒಬ್ಬರೇ ಮಾಡಬಹುದಾದ ಮೈಯ ಕೆಲಸಗಳಲ್ಲಿ ಈಜಿಗೆ ನನ್ನ ಮೊದಲ ಮತ. ನೀರಿನೊಳಗೆ ಯಾರ ಕೂಗೂ ಕೇಳುವುದಿಲ್ಲ. ಕನ್ನಡಕ ಇರುವ ಮಗುವಿಗೆ ಪವರ್ ಇರುವ ಗಾಗಲ್ಸ್ ಸಿಗುತ್ತವೆ. ಒಂದು ಉಪಾಯ: ಏಪ್ರಿಲ್, ಮೇ ತಿಂಗಳ ಬೇಸಿಗೆ ಬ್ಯಾಚಿನಲ್ಲಿ ಕೊಳದ ತುಂಬ ಮಕ್ಕಳು, ಒಬ್ಬ ಕೋಚ್ ಯಾರನ್ನೂ ಸರಿಯಾಗಿ ನೋಡಲಾರರು. ಗದ್ದಲ ಆಗದ ಮಗುವನ್ನು ಆಗ ಸೇರಿಸಬೇಡಿ. ಶಾಲೆ ಶುರುವಾದ ಮೇಲೆ ಜನ ಕಡಿಮೆಯಾಗುತ್ತಾರೆ. ಮಳೆಗಾಲದಲ್ಲಿ ನೀರು ತಣ್ಣಗಿರುತ್ತದೆ ನಿಜ, ಆದರೆ ಕಲಿಕೆ ಚೆನ್ನಾಗಿ ಆಗುತ್ತದೆ.

ಅಥ್ಲೆಟಿಕ್ಸ್‌ನಲ್ಲಿ ಮಗು ತನ್ನದೇ ಹಳೆಯ ಟೈಮಿನ ಜೊತೆ ಓಡಬಹುದು. ಕರಾಟೆಯಲ್ಲಿ ಎರಡು ಭಾಗ ಇವೆ. ಕಾತಾ ಎಂದರೆ ಒಬ್ಬರೇ ಮಾಡುವ ಚಲನೆಗಳ ಸರಣಿ, ಕುಮಿತೆ ಎಂದರೆ ಎದುರಾಳಿಯ ಜೊತೆ ಕಾದಾಟ. ಮೈ ತಾಗುವುದು ಇಷ್ಟವಿಲ್ಲದ ಮಗುವಿಗೆ ಕಾತಾ ಮಾತ್ರ ಸಾಕು ಎಂದು ಮೊದಲೇ ಮಾಸ್ಟರ್‌ಗೆ ಹೇಳಿ. ಬೆಲ್ಟ್ ಪರೀಕ್ಷೆಗೆ ಪ್ರತಿ ಸಲ ಎಷ್ಟು ಕಟ್ಟಬೇಕು ಎಂಬುದನ್ನೂ ಅಲ್ಲೇ ಕೇಳಿಬಿಡಿ. ಬಣ್ಣದ ಬೆಲ್ಟುಗಳು ಬೇಗ ಬೇಗ ಬರುವ ಕಡೆ ಸ್ವಲ್ಪ ಅನುಮಾನ ಇರಲಿ.

ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಒಂಟಿ ಆಟಗಳೇ. ಆದರೆ ಅಕಾಡೆಮಿ ಎಂದು ಬೋರ್ಡ್ ಇದ್ದ ಕಡೆ ಬೇಗನೆ ಟೂರ್ನಮೆಂಟಿನ ಮಾತು ಬರುತ್ತದೆ. ಸೋಲಿನ ಭಯ ಇರುವ ಮಗುವಿಗೆ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ಅಪ್ಪನ ಜೊತೆಗಿನ ಆಟವೇ ಒಳ್ಳೆಯದು. ಉತ್ತರ ಕರ್ನಾಟಕದಲ್ಲಿದ್ದರೆ ಮಲ್ಲಕಂಬ, ಅಂದರೆ ನೆಟ್ಟ ಕಂಬದ ಮೇಲೆ ಮಾಡುವ ಕಸರತ್ತು, ಇದೆಯೇ ಕೇಳಿ ನೋಡಿ. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್‌ಗೆ ಮೊದಲಿನಿಂದಲೂ ಹೆಸರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗೋಡೆ ಹತ್ತುವ ಕ್ಲೈಂಬಿಂಗ್ ಇದೆ. ಲೆಕ್ಕದ ಒಗಟು ಬಿಡಿಸುವುದನ್ನು ಇಷ್ಟಪಡುವ ಮಕ್ಕಳಿಗೆ ಕ್ಲೈಂಬಿಂಗ್ ಹಿಡಿಸುವುದನ್ನು ನೋಡಿದ್ದೇನೆ. ಮುಂದಿನ ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎಂದು ಯೋಚಿಸಿಯೇ ಹತ್ತಬೇಕು.

ಹಂತ 3: ಕಾರಣಕ್ಕೆ ತಕ್ಕ ಚಟುವಟಿಕೆ ಆರಿಸಿ

ಇಲ್ಲಿ ಅವಸರ ಬೇಡ. ತಪ್ಪು ಜೋಡಿ ಆಗುವುದು ಇಲ್ಲೇ.

ಚೆಸ್ ಉದಾಹರಣೆ ತೆಗೆದುಕೊಳ್ಳಿ. ‘ಆಟ ಬೇಡ ಅಂತಾನೆ, ಬುದ್ಧಿವಂತ, ಚೆಸ್‌ಗೆ ಹಾಕೋಣ’ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಮಾತು. ಗದ್ದಲ ಆಗದ ಮಗುವಿಗೆ, ಬೋರಾಗುತ್ತಿದ್ದ ಮಗುವಿಗೆ ಇದು ಸರಿ. ಸೋಲಿನ ಭಯ ಇರುವ ಮಗುವಿಗೆ ಚೆಸ್ ಕ್ರಿಕೆಟ್‌ಗಿಂತ ಕಷ್ಟ. ಕ್ರಿಕೆಟ್‌ನಲ್ಲಿ ಪಿಚ್ ಮೇಲೆ, ಅಂಪೈರ್ ಮೇಲೆ, ಪಕ್ಕದವನ ಮೇಲೆ ತಪ್ಪು ಹೊರಿಸಬಹುದು. ಚೆಸ್ ಬೋರ್ಡಿನ ಮುಂದೆ ಸೋತರೆ ಸೋತವನು ನಾನೊಬ್ಬನೇ. ಮೊದಲ ಟೂರ್ನಮೆಂಟಿನಲ್ಲಿ ಅಳುವ ಮಕ್ಕಳು ಕಡಿಮೆಯೇನಿಲ್ಲ. ಒಂದು ಸಮಾಧಾನ ಇದೆ. ಮಕ್ಕಳ ಟೂರ್ನಮೆಂಟುಗಳು ಹೆಚ್ಚಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಸೋತವರು ಮನೆಗೆ ಹೋಗುವುದಿಲ್ಲ. ಮುಂದಿನ ಸುತ್ತಿನಲ್ಲಿ ಅಷ್ಟೇ ಅಂಕ ಪಡೆದವರ ಜೊತೆ ಕೂರುತ್ತಾರೆ. ಹಾಗಾಗಿ ದಿನ ಮುಗಿಯುವುದರೊಳಗೆ ಬಹುತೇಕ ಎಲ್ಲರಿಗೂ ಒಂದಾದರೂ ಗೆಲುವು ಸಿಗುತ್ತದೆ. ಚೆಸ್ ಕಲಿಯಲು ಬೆಂಗಳೂರೇ ಆಗಬೇಕೆಂದಿಲ್ಲ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ. ಎಸ್. ತೇಜ್‌ಕುಮಾರ್ ಮೈಸೂರಿನವರು. 2017ರಲ್ಲಿ ಆ ಪಟ್ಟ ಬಂತು.

ತನ್ನ ತಪ್ಪಿಗೆ ಬೇರೆಯವರು ಬೈಯುತ್ತಾರೆ ಎಂದು ಹೆದರುವ, ಆದರೆ ಗೆಳೆಯರು ಬೇಕು ಎನ್ನುವ ಮಗುವಿಗೆ ನಾಟಕ ಮತ್ತು ಯಕ್ಷಗಾನ. ‘ಅದೂ ಗುಂಪೇ ಅಲ್ವಾ?’ ಎಂದು ನೀವು ಕೇಳಬಹುದು. ಗುಂಪೇ. ಆದರೆ ಎದುರು ತಂಡ ಇಲ್ಲ. ಯಾರೂ ಸೋಲುವುದಿಲ್ಲ. ಒಬ್ಬ ಮಾತು ಮರೆತರೆ ಇನ್ನೊಬ್ಬ ಎತ್ತಿಕೊಡುತ್ತಾನೆ. ಯಕ್ಷಗಾನದಲ್ಲಂತೂ ಮೈ ಕೆಲಸವೂ ಸೇರಿರುತ್ತದೆ. ಏಕ, ಆದಿ, ರೂಪಕ, ಝಂಪೆ, ತ್ರಿವುಡೆ ಎಂದು ತಾಳ ಹಿಡಿದು ಹೆಜ್ಜೆ ಹಾಕಿದರೆ ಅರ್ಧ ಗಂಟೆಯಲ್ಲಿ ಬೆವರು ಇಳಿಯುತ್ತದೆ. ಕುಣಿಯಲು ಇಷ್ಟವಿಲ್ಲ, ಮಾತು ಇಷ್ಟ ಎನ್ನುವವರಿಗೆ ತಾಳಮದ್ದಳೆ ಇದೆ. ಕೂತು ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದು. ಶಬ್ದದ ಹುಚ್ಚು ಇರುವ ಮಗುವಿಗೆ ಚೆಂಡೆ, ಮದ್ದಳೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಶಾಲೆಗಳಿಗೇ ಗುರುಗಳನ್ನು ಕಳಿಸಿ ಕಲಿಸುತ್ತದೆ. ಕರಾವಳಿ, ಮಲೆನಾಡಿನ ಊರುಗಳಲ್ಲಿ ದೇವಸ್ಥಾನ, ಸಂಘಗಳ ಹತ್ತಿರ ಕೇಳಿದರೆ ಗುರುಗಳು ಸಿಕ್ಕೇ ಸಿಗುತ್ತಾರೆ. ಬೆಂಗಳೂರಿನಲ್ಲೂ ಕರಾವಳಿಯವರು ನಡೆಸುವ ತರಗತಿಗಳಿವೆ.

ನಾಟಕಕ್ಕೆ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಶಿವಮೊಗ್ಗ, ಧಾರವಾಡ, ಕಲಬುರಗಿಯಲ್ಲೂ ರಂಗಾಯಣ ಇದೆ. ಬೇಸಿಗೆ ಶಿಬಿರವನ್ನು ಒಂದು ಪರೀಕ್ಷೆಯ ಹಾಗೆ ಬಳಸಿಕೊಳ್ಳಿ. ಅಲ್ಲಿ ಖುಷಿಯಾಗಿದ್ದರೆ ಜೂನ್‌ನಲ್ಲಿ ವಾರದ ತರಗತಿ ಹುಡುಕಿ. ನಾಚಿಕೆ ಸ್ವಭಾವದ ಮಗುವಿಗೆ ನಾಟಕ ಆಗುವುದಿಲ್ಲ ಎಂದು ನೀವೇ ತೀರ್ಮಾನ ಮಾಡಬೇಡಿ. ತನ್ನ ಮಾತು ಆಡಲು ನಾಚುವ ಮಗು ಪಾತ್ರದ ಮಾತನ್ನು ಗಟ್ಟಿಯಾಗಿ ಆಡುವುದುಂಟು.

ಸಂಗೀತದ ಬಗ್ಗೆ ಒಂದು ಎಚ್ಚರ. ಮೊದಲ ಕೆಲವು ತಿಂಗಳು ಬೇಸರದ್ದೇ. ಕರ್ನಾಟಕ ಸಂಗೀತದಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಇವನ್ನೇ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಬೇಕು. ಹಾಡು ಎಂದು ಮನೆಯಲ್ಲಿ ತೋರಿಸಿಕೊಳ್ಳುವಂಥದ್ದು ಬರಲು ಸಮಯ ಬೇಕು. ಇದನ್ನು ಮಗುವಿಗೆ ಮೊದಲೇ ಹೇಳಿಬಿಡಿ. ದಿನಕ್ಕೆ 10ರಿಂದ 15 ನಿಮಿಷ ಸಾಕು, ಆದರೆ ದಿನಾ ಬೇಕು. ಕೂತಲ್ಲಿ ಕೂರದ ಮಗುವಿಗೆ ಹಾಡಿಗಿಂತ ಮೃದಂಗ, ತಬಲ ಒಗ್ಗುತ್ತದೆ. ಕೊಳಲು ಕೇಳಿದರೆ ಬೆರಳು ತೂತುಗಳನ್ನು ಪೂರ್ತಿ ಮುಚ್ಚುತ್ತದೆಯೇ ನೋಡಿ, ಚಿಕ್ಕ ಕೈಗೆ ಗಿಡ್ಡ ಕೊಳಲು ಬೇಕು. ಹಾಡುವ ಹುಡುಗರಿಗೆ 12ರಿಂದ 14ರ ಹೊತ್ತಿಗೆ ಧ್ವನಿ ಒಡೆಯುತ್ತದೆ. ಆಗ ನಿಲ್ಲಿಸಿಬಿಡುವವರು ಬಹಳ. ಗುರುಗಳು ಶ್ರುತಿ ಇಳಿಸಿ ಹಾಡಿಸುತ್ತಾರೆ, ಸ್ವಲ್ಪ ದಿನ ತಾಳಬೇಕು. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಬರೆಯಲೇಬೇಕು ಎಂದು ಯಾರೂ ಹೇಳಿಲ್ಲ. ಸೋಲಿನ ಭಯಕ್ಕೇ ಆಟ ಬಿಟ್ಟ ಮಗುವಿಗೆ ಇನ್ನೊಂದು ಪರೀಕ್ಷೆ ಯಾಕೆ?

ಗದ್ದಲ ಬೇಡ, ಆದರೆ ಹೊರಗೆ ಇರಬೇಕು ಎನ್ನುವ ಮಕ್ಕಳಿದ್ದಾರೆ. ಇವರಿಗೆ ಹಕ್ಕಿ, ಮರ, ಹುಳ, ನಕ್ಷತ್ರ. ಖರ್ಚೂ ಇಲ್ಲ. ಪ್ರತಿ ವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಎಲ್ಲಾದರೂ ಒಂದು ಕಡೆ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ, ಹಕ್ಕಿಗಳ ಲೆಕ್ಕ ದಾಖಲಿಸುವ ಆ್ಯಪ್ ಇಬರ್ಡ್‌ಗೆ ಹಾಕಬೇಕು. ಮಹಡಿಯ ಮೇಲೆ ನಿಂತು ಪಾರಿವಾಳ, ಕಾಗೆ, ಹದ್ದು, ಮೈನಾ ಎಣಿಸಿದರೂ ಆಯಿತು. ಮರ ಇಷ್ಟವಾದರೆ ಸೀಸನ್‌ವಾಚ್ ಇದೆ. ಬೀದಿಯ ಹೊಂಗೆ ಮರವನ್ನೋ ಹಿತ್ತಲಿನ ಹಲಸನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ನೋಡಿ ಬರೆಯುವುದು. ಮೊದಲೇ ಬೈನಾಕ್ಯುಲರ್ ಕೊಳ್ಳಲು ಓಡಬೇಡಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಆಸಕ್ತಿ ಉಳಿದರೆ ಹುಟ್ಟುಹಬ್ಬಕ್ಕೆ ಕೊಡಿಸಿದರಾಯಿತು. ಮೈಸೂರಿನಲ್ಲಿ ಇರುವವರು ಮೃಗಾಲಯದ ಯೂತ್ ಕ್ಲಬ್ ಬಗ್ಗೆ ವಿಚಾರಿಸಿ.

ಕೈ ಕೆಲಸ ಇಷ್ಟಪಡುವ ಮಗು ಮನೆಯ ಮಿಕ್ಸಿ ಬಿಚ್ಚಿಟ್ಟಿದ್ದರೆ ನಿಮಗೆ ಆಗಲೇ ಗೊತ್ತಿರುತ್ತದೆ. 6ರಿಂದ 12ನೇ ತರಗತಿಯ ಮಕ್ಕಳಿಗೆಂದು ಕೇಂದ್ರ ಸರ್ಕಾರ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಕೊಟ್ಟು ಅಟಲ್ ಟಿಂಕರಿಂಗ್ ಲ್ಯಾಬ್ ಮಾಡಿಸಿದೆ. 3ಡಿ ಪ್ರಿಂಟರ್, ಸೆನ್ಸರ್, ಎಲೆಕ್ಟ್ರಾನಿಕ್ಸ್ ಕಿಟ್ ಎಲ್ಲ ಇರುತ್ತವೆ. ನಿಮ್ಮ ಶಾಲೆಯಲ್ಲೂ ಇರಬಹುದು, ಬೀಗ ಹಾಕಿರಲೂಬಹುದು. ವಾರಕ್ಕೆ ಎರಡು ಸಂಜೆ ತೆಗೆಯಿರಿ ಎಂದು ನಾಲ್ಕು ಪಾಲಕರು ಒಟ್ಟಿಗೆ ಹೋಗಿ ಕೇಳಿ. ಒಬ್ಬರು ಕೇಳಿದರೆ ‘ನೋಡೋಣ’ ಎನ್ನುತ್ತಾರೆ, ನಾಲ್ವರು ಕೇಳಿದರೆ ಬೀಗದ ಕೈ ಹುಡುಕುತ್ತಾರೆ.

ಕೋಡಿಂಗ್ ಬಗ್ಗೆ ಇಷ್ಟೇ: ಮಕ್ಕಳಿಗೆಂದೇ ಇರುವ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್ ಉಚಿತ, 8 ವರ್ಷದಿಂದ ಶುರು ಮಾಡಬಹುದು, ಮನೆಯಲ್ಲೇ ಕಲಿಯಬಹುದು. ದುಬಾರಿ ಕ್ಲಾಸ್ ಬೇಕಾಗಿಲ್ಲ. ಅಬ್ಯಾಕಸ್, ವೇದಿಕ್ ಮ್ಯಾಥ್ಸ್‌ಗಳನ್ನು ನಾನು ಹವ್ಯಾಸದ ಪಟ್ಟಿಗೆ ಸೇರಿಸುವುದಿಲ್ಲ. ಅವು ಟ್ಯೂಷನ್ನೇ. ಮಗು ತಾನಾಗಿ ಕೇಳಿದರೆ ಬೇರೆ ಮಾತು.

ಗೆಳೆಯರು ಬೇಕು, ಸ್ಪರ್ಧೆ ಬೇಡ ಎನ್ನುವವರಿಗೆ ಸ್ಕೌಟ್ಸ್ ಮತ್ತು ಗೈಡ್ಸ್ ಇನ್ನೂ ಒಳ್ಳೆಯ ದಾರಿ. ಚಿಕ್ಕವರಿಗೆ ಕಬ್ ಮತ್ತು ಬುಲ್‌ಬುಲ್, ಹತ್ತು ದಾಟಿದವರಿಗೆ ಸ್ಕೌಟ್ ಮತ್ತು ಗೈಡ್. ಗಂಟು ಹಾಕುವುದು, ಟೆಂಟ್ ಕಟ್ಟುವುದು, ಪ್ರಥಮ ಚಿಕಿತ್ಸೆ, ಅಡುಗೆ. ಪ್ರತಿ ಬ್ಯಾಡ್ಜ್ ಅನ್ನು ಮಗು ತನ್ನ ವೇಗದಲ್ಲಿ ಗಳಿಸಿಕೊಳ್ಳುತ್ತದೆ. ಇದು ಸಾಮಾನ್ಯವಾಗಿ ಶಾಲೆಯ ಮೂಲಕವೇ ನಡೆಯುವುದರಿಂದ ಖರ್ಚು ಕಡಿಮೆ.

ಹಂತ 4: ಹತ್ತಿರದಲ್ಲಿ ಏನಿದೆ, ಕಾಲ್ನಡಿಗೆಯಲ್ಲಿ ಹುಡುಕಿ

ಮನೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ ಇರುವುದನ್ನು ಮೊದಲು ನೋಡಿ. ಬೆಂಗಳೂರಿನಲ್ಲಂತೂ ಇದೇ ದೊಡ್ಡ ನಿಯಮ. ಒಂದು ಗಂಟೆಯ ಕ್ಲಾಸಿಗೆ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತ ಮಗುವಿಗೆ ಯಾವ ಕಲೆಯ ಮೇಲೂ ಪ್ರೀತಿ ಉಳಿಯುವುದಿಲ್ಲ.

ಶಾಲೆಯಿಂದ ಶುರು ಮಾಡಿ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವ ಶಿಕ್ಷಕರು ಯಾರು ಎಂದು ಕೇಳಿ. ಮಿಮಿಕ್ರಿ, ಕಥೆ ಹೇಳುವುದು, ಮಣ್ಣಿನ ಮಾದರಿ, ಚಿತ್ರ, ಆಶುಭಾಷಣದಲ್ಲಿ ಯಾವ ಮಗುವಿಗೆ ಏನು ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ನಿಮ್ಮ ಮಗುವಿನ ಬಗ್ಗೆ ನಿಮಗೇ ತಿಳಿಯದ್ದನ್ನು ಹೇಳಿದರೂ ಹೇಳಬಹುದು.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಕಡೆ ಚೆಸ್, ಕೇರಂ ಕೂಡ ಇಟ್ಟಿದ್ದಾರೆ. ಗ್ರಂಥಪಾಲಕರು ಉತ್ಸಾಹಿಗಳಾಗಿದ್ದರೆ ಕಥೆ ಓದುವ ಗುಂಪು ಶುರು ಮಾಡಿಸಬಹುದು. ಪುಸ್ತಕ ಕಡಿಮೆ ಎನಿಸಿದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಜವಾಹರ ಬಾಲಭವನ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ ಮಕ್ಕಳಿಗೆಂದೇ ಕಾರ್ಯಕ್ರಮ ಮಾಡುತ್ತವೆ. ವಿಜ್ಞಾನ ಕೇಂದ್ರಗಳು ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಧಾರವಾಡ, ಕಲಬುರಗಿ, ಮಂಗಳೂರಿನ ಪಿಲಿಕುಳದಲ್ಲೂ ಇವೆ. ರಜೆ ಶುರುವಾಗುವುದಕ್ಕೆ ಒಂದು ತಿಂಗಳ ಮೊದಲೇ ಹೋಗಿ ಕೇಳಿ. ಆಮೇಲೆ ಸೀಟು ಸಿಗುವುದು ಕಷ್ಟ.

ಬೋರ್ಡ್ ಇಲ್ಲದ ಕಲಿಕೆಯನ್ನು ಮರೆಯಬೇಡಿ. ಬೀದಿಯ ಟೈಲರ್ ಅಕ್ಕ, ಗಣಪತಿ ಮಾಡುವ ಮನೆ, ಸೈಕಲ್ ಶಾಪು, ಗಮಕ ಓದುವ ನಿವೃತ್ತ ಮೇಷ್ಟ್ರು. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸಿಕೊಳ್ಳುತ್ತೀರಾ ಎಂದು ಕೇಳಿದರೆ ಬಹಳ ಜನ ಖುಷಿಯಿಂದ ಒಪ್ಪುತ್ತಾರೆ. ಮೊದಲ ಕೆಲವು ಸಲ ನೀವೂ ಜೊತೆಗೆ ಕೂತಿರಿ.

ಹಂತ 5: ಡೆಮೊ ಕ್ಲಾಸಿನಲ್ಲಿ ಮಗುವನ್ನಲ್ಲ, ಗುರುವನ್ನು ನೋಡಿ

ಡೆಮೊ ದಿನ ಎಲ್ಲ ಮಕ್ಕಳೂ ಚೆನ್ನಾಗೇ ಇರುತ್ತಾರೆ. ನೀವು ನೋಡಬೇಕಾದ್ದು ಹಳೆಯ ಮಗು ತಪ್ಪು ಮಾಡಿದಾಗ ಗುರು ಏನು ಮಾಡುತ್ತಾರೆ ಎಂಬುದು. ಎಲ್ಲರೆದುರು ಹೆಸರು ಕೂಗಿ ಹಂಗಿಸುತ್ತಾರೋ, ಹತ್ತಿರ ಹೋಗಿ ಕೈ ತಿದ್ದುತ್ತಾರೋ? ‘ನೋಡು, ಅವಳು ಎಷ್ಟು ಚೆನ್ನಾಗಿ ಮಾಡ್ತಾಳೆ’ ಎಂದು ಹೋಲಿಸುವ ಜಾಗ ನಿಮ್ಮ ಮಗುವಿಗೆ ಆಗುವುದಿಲ್ಲ. ಎಷ್ಟೇ ಹೆಸರುವಾಸಿಯಾಗಿರಲಿ.

ಕೇಳಬೇಕಾದ ಪ್ರಶ್ನೆಗಳು:

- ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಗುರುಗಳೇ ಕಲಿಸುತ್ತಾರಾ, ಅವರ ಶಿಷ್ಯರು ಕಲಿಸುತ್ತಾರಾ?
- ತಿಂಗಳ ಫೀಸು ಬಿಟ್ಟು ಬೇರೆ ಏನೇನು? ಯೂನಿಫಾರ್ಮ್, ಪರೀಕ್ಷೆ, ವಾರ್ಷಿಕೋತ್ಸವದ ವೇಷಭೂಷಣ, ಸ್ಪರ್ಧೆ.
- ಸ್ಪರ್ಧೆಗೆ, ವೇದಿಕೆಗೆ ಹೋಗದೆ ಸುಮ್ನೆ ಕಲಿಯಬಹುದಾ?
- ನಡುವೆ ಬಿಟ್ಟರೆ ಕಟ್ಟಿದ ದುಡ್ಡು ವಾಪಸ್ ಬರುತ್ತಾ? ವರ್ಷದ ಫೀಸು ಒಟ್ಟಿಗೇ ಕೇಳಿದರೆ ತಿಂಗಳಿಗೆ ಕಟ್ಟುತ್ತೇವೆ ಎನ್ನಿ.
- ಪಾಲಕರು ಯಾವಾಗ ಬೇಕಾದರೂ ಒಳಗೆ ಬರಬಹುದಾ?

ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿ ಪಾಠ ಬೇಡ. ಈಜುಕೊಳದಲ್ಲಿ ಬಟ್ಟೆ ಬದಲಾಯಿಸುವ ಜಾಗ ಹೇಗಿದೆ, ಹೆಣ್ಣುಮಕ್ಕಳಿಗೆ ಮಹಿಳಾ ಸಿಬ್ಬಂದಿ ಇದ್ದಾರಾ, ಲೈಫ್‌ಗಾರ್ಡ್ ಕೊಳದ ಪಕ್ಕದಲ್ಲೇ ಇರುತ್ತಾರಾ ನೋಡಿ. ಯಾರು ಎಲ್ಲಿ ಮುಟ್ಟಬಾರದು ಎಂದು ಮಗುವಿಗೆ ಸ್ಪಷ್ಟವಾಗಿ ಹೇಳಿ. ಮಕ್ಕಳ ಸಹಾಯವಾಣಿ 1098, ಅದನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಹಂತ 6: ಮಗುವಿನ ಜೊತೆ ಒಂದು ಒಪ್ಪಂದ

ಎರಡು ಅಥವಾ ಮೂರು ಆಯ್ಕೆಗಳನ್ನು ಮಗುವಿನ ಮುಂದಿಡಿ. ಹತ್ತಿಟ್ಟರೆ ಗೊಂದಲ, ಒಂದೇ ಇಟ್ಟರೆ ಅದು ಆಯ್ಕೆಯೇ ಅಲ್ಲ. ಮಗು ಒಂದನ್ನು ಆರಿಸಿದ ಮೇಲೆ ಅವಧಿ ಗೊತ್ತು ಮಾಡಿ. ಜೂನ್‌ನಲ್ಲಿ ಸೇರಿದರೆ ದಸರಾ ರಜೆಯವರೆಗೆ. ಅಲ್ಲಿಯವರೆಗೆ ಬಿಡುವ ಹಾಗಿಲ್ಲ. ರಜೆಯಲ್ಲಿ ಕೂತು ಮಾತಾಡೋಣ, ಆಗ ಬೇಡ ಎಂದರೆ ಒತ್ತಾಯ ಇಲ್ಲ. ಈ ಮಾತನ್ನು ನೀವೂ ಉಳಿಸಿಕೊಳ್ಳಬೇಕು. ದಸರಾದಲ್ಲಿ ಇನ್ನೊಂದು ಅನುಕೂಲವಿದೆ. ಹೊಸ ವಿದ್ಯೆ ಶುರು ಮಾಡಲು ವಿಜಯದಶಮಿ ಒಳ್ಳೆಯ ದಿನ ಎಂಬ ನಂಬಿಕೆ ಇರುವುದರಿಂದ ಸಂಗೀತ, ನೃತ್ಯದ ಹೊಸ ಬ್ಯಾಚುಗಳು ಆಗ ಶುರುವಾಗುತ್ತವೆ. ಒಂದು ಬಿಟ್ಟರೆ ಇನ್ನೊಂದಕ್ಕೆ ಸೇರಲು ಸರಿಯಾದ ಹೊತ್ತು.

ಆ ಅವಧಿಯೊಳಗೆ ಸಾಮಾನು ಕೊಳ್ಳಬೇಡಿ. ಕೀಬೋರ್ಡ್, ಸ್ಕೇಟ್ಸ್, ತಬಲ ಎಲ್ಲವೂ ಬಾಡಿಗೆಗೋ ಎರವಲಿಗೋ ಸೆಕೆಂಡ್ ಹ್ಯಾಂಡೋ ಸಿಗುತ್ತವೆ. ಎಷ್ಟು ಮನೆಗಳ ಅಟ್ಟದ ಮೇಲೆ ಗಿಟಾರ್ ಇಲ್ಲ ಹೇಳಿ! ದುಬಾರಿ ವಸ್ತು ಮನೆಗೆ ಬಂದರೆ ಮಗುವಿಗೆ ಬಿಡುವ ಸ್ವಾತಂತ್ರ್ಯ ಹೋಗುತ್ತದೆ. ‘ಇಷ್ಟು ದುಡ್ಡು ಹಾಕಿದ್ದೀವಿ’ ಎಂಬ ಮಾತು ನಿಮ್ಮ ಬಾಯಿಂದ ಬಂದೇ ಬರುತ್ತದೆ.

ವಾರಕ್ಕೆ ಎರಡು ದಿನ ಸಾಕು. ಶಾಲೆಯಿಂದ ಬಂದು ತಿಂಡಿ ತಿಂದು ಅರ್ಧ ಗಂಟೆ ಸುಮ್ಮನೆ ಕೂರಲು ಬಿಡಿ. ಸೋಮವಾರ ಬೇಡ, ಅದು ಎಲ್ಲರಿಗೂ ಭಾರವಾದ ದಿನ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಕರೆದುಕೊಂಡು ಹೋಗುವವರು ಯಾರು ಎಂಬುದು ಮೊದಲೇ ತೀರ್ಮಾನ ಆಗಲಿ. ಅಜ್ಜನೋ, ಪಕ್ಕದ ಮನೆಯವರ ಜೊತೆ ಸೇರಿ ಗೊತ್ತುಮಾಡಿದ ಆಟೋನೋ, ಶನಿವಾರದ ಬ್ಯಾಚೋ. ಎಷ್ಟೋ ಕ್ಲಾಸುಗಳು ನಿಲ್ಲುವುದು ಆಸಕ್ತಿ ಹೋಗಿ ಅಲ್ಲ, ಕರೆದುಕೊಂಡು ಹೋಗುವವರಿಲ್ಲದೆ.

ಹಂತ 7: ಬಿಡಬೇಕೋ, ತಾಳಬೇಕೋ?

ಅವಧಿಯ ನಡುವೆ ‘ಇವತ್ತು ಹೋಗಲ್ಲ’ ಎಂಬ ದಿನಗಳು ಬರುತ್ತವೆ. ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಕ್ಲಾಸ್ ಇಲ್ಲದ ದಿನಗಳನ್ನು. ಸ್ನಾನ ಮಾಡುವಾಗ ತಾಳ ಹಾಕುತ್ತದೆಯೇ? ಪುಸ್ತಕದ ಕೊನೆಯ ಪುಟದಲ್ಲಿ ಹಕ್ಕಿ ಬರೆಯುತ್ತದೆಯೇ? ಹೋಗುವಾಗ ಗೊಣಗಿ, ಬರುವಾಗ ಹರಟುತ್ತಾ ಬರುವ ಮಗುವಿಗೆ ಬಿಡಿಸಬೇಡಿ. ಹೋಗುವಾಗಲೂ ಬರುವಾಗಲೂ ಮಾತಿಲ್ಲ, ಕ್ಲಾಸ್ ದಿನ ಹೊಟ್ಟೆನೋವು ಎನ್ನುತ್ತದೆ ಎಂದಾದರೆ ದಸರಾವರೆಗೂ ಕಾಯುವುದು ಬೇಡ. ಏನೋ ಆಗಿದೆ. ಒಪ್ಪಂದ ಪಕ್ಕಕ್ಕಿಟ್ಟು ವಿಚಾರಿಸಿ.

ನೆಂಟರ ಮಾತಿಗೆ ಉತ್ತರ ಸಿದ್ಧವಿರಲಿ. ‘ಗಂಡು ಹುಡುಗ, ಭರತನಾಟ್ಯನಾ?’ ಎಂದು ಮಾವ ಮಗುವಿನ ಮುಂದೆಯೇ ಕೇಳುತ್ತಾರೆ. ‘ಹೌದು ಮಾವ, ಅಡವಿನ ಹೆಜ್ಜೆ ಶುರುವಾಗಿದೆ, ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ಹತ್ತು ನಿಮಿಷ ನೀವೂ ಕೂತು ನೋಡಿ’ ಎನ್ನಿ. ನಗು ಬರುತ್ತದೆ, ಮಾತು ಮುಗಿಯುತ್ತದೆ. ಆ ಹೊತ್ತಿನಲ್ಲಿ ನೀವು ಸುಮ್ಮನಿದ್ದರೆ ಮಾವನ ಮಾತೇ ಸರಿ ಎಂದು ಮಗು ಅಂದುಕೊಳ್ಳುತ್ತದೆ.

ಹಂತ 8: ಪಿಟಿ ಪಿರಿಯಡ್ ಇನ್ನೂ ಇದೆ

ಸಂಜೆಯ ದಾರಿ ಸರಿಹೋದರೂ ಶಾಲೆಯ ಆಟದ ಪಿರಿಯಡ್ ಹಾಗೇ ಇರುತ್ತದೆ. ಪಿಟಿ ಮೇಷ್ಟ್ರನ್ನು ಒಮ್ಮೆ ಭೇಟಿ ಮಾಡಿ. ‘ಅವನಿಗೆ ಆಟ ಬೇಡ, ಬಿಟ್ಟುಬಿಡಿ ಸರ್’ ಎಂದು ಕೇಳಬೇಡಿ. ಬಿಟ್ಟರೆ ಮಗು ಮೂಲೆಯಲ್ಲಿ ಕೂರುತ್ತದೆ. ಮೂರು ಸಣ್ಣ ವಿಷಯ ಕೇಳಿ. ಟೀಮ್ ಮಾಡುವಾಗ ಮಕ್ಕಳ ಕೈಗೆ ಕೊಡದೆ ರೋಲ್ ನಂಬರ್ ಪ್ರಕಾರ ಮಾಡಿ. ಆಟದ ದಿನಗಳಲ್ಲಿ ಒಂದು ದಿನವಾದರೂ ಓಟ, ಲಾಂಗ್ ಜಂಪ್, ಸ್ಕಿಪ್ಪಿಂಗ್ ಇರಲಿ. ಮ್ಯಾಚ್ ಇದ್ದಾಗ ಸ್ಕೋರ್ ಬರೆಯುವುದು, ಸ್ಟಾಪ್‌ವಾಚ್ ಹಿಡಿಯುವುದು, ಲೈನ್ ಅಂಪೈರ್ ಕೆಲಸವನ್ನು ಮಕ್ಕಳಿಗೆ ಸರದಿಯಲ್ಲಿ ಕೊಡಿ. ಇದಕ್ಕೆ ಬೇರೆ ಮೈದಾನವೂ ಬೇಡ, ದುಡ್ಡೂ ಬೇಡ. ಹಾಗಾಗಿ ಹೆಚ್ಚಿನ ಮೇಷ್ಟ್ರುಗಳು ಒಪ್ಪುತ್ತಾರೆ. ವರ್ಷದ ಮೊದಲ ಪಾಲಕರ ಸಭೆಯಲ್ಲೇ ಕೇಳಿ. ಸ್ಪೋರ್ಟ್ಸ್ ಡೇ ಹತ್ತಿರ ಬಂದ ಮೇಲೆ ಅವರಿಗೆ ಪುರುಸೊತ್ತಿರುವುದಿಲ್ಲ.